ಹಂಸದ ವಿದ್ಯೆ

ಕೂಡಿಸುವುದಕ್ಕೆ ಹೆಚ್ಚಿನ ಜಾಣತನ ಬೇಕಿಲ್ಲ. ಹಾಲಿಗೆ ನೀರು ಬೆರೆಸುವ ಕಲೆಯನ್ನು ಯಾವ ಹಾಲಿನವನೂ ಕಾಲೇಜಿಗೆ ಹೋಗಿ ಕಲಿತವನಲ್ಲ. ಆದರೆ ಬೆರೆತದ್ದನ್ನು ಮತ್ತೆ ಬೇರೆ ಮಾಡಬೇಕೆಂದರೆ ಮನುಷ್ಯನ ಬುದ್ಧಿ ತಡವರಿಸುತ್ತದೆ. ಅದಕ್ಕೆಂದೇ ಹಿಂದಿನವರು ಆ ಕೆಲಸವನ್ನು ತಮ್ಮ ತಲೆಗೆ ಕಟ್ಟಿಕೊಳ್ಳದೆ ಹಂಸಪಕ್ಷಿಗೆ ವಹಿಸಿ ನಿಶ್ಚಿಂತರಾದರು. ನೀರನ್ನು ಬಿಟ್ಟು ಹಾಲನ್ನು ಮಾತ್ರ ಕುಡಿಯುವ ಆ ಹಕ್ಕಿ ಕಾವ್ಯಗಳಲ್ಲಿ ವಿವೇಕಕ್ಕೆ ಉಪಮಾನವಾಯಿತು. ಪರಮಹಂಸನೆಂಬುದು ಜ್ಞಾನಿಗೆ ಬಿರುದಾಯಿತು.

ಹಂಸದ ಮಾತು ಹೇಗೇ ಇರಲಿ, ಮನೆಯ ಗೃಹಿಣಿ ಮಾತ್ರ ಈ ಕೆಲಸವನ್ನು ದಿನವೂ ಮಾಡುತ್ತಾಳೆ. ಮೊರದಲ್ಲಿ ಕೇರಿದರೆ ಹೊಟ್ಟು ಹಾರಿ ಕಾಳು ಉಳಿಯುತ್ತದೆ. ಅಲ್ಲಿ ಕೆಲಸ ಮಾಡಿದ್ದು ತೂಕದ ವ್ಯತ್ಯಾಸ. ಜರಡಿಯಲ್ಲಿ ಆಡಿಸಿದರೆ ಹಿಟ್ಟು ಇಳಿದು ತರಿ ನಿಲ್ಲುತ್ತದೆ. ಅಲ್ಲಿ ಗಾತ್ರದ ವ್ಯತ್ಯಾಸ. ಮೊಸರು ಕಡೆದರೆ ಬೆಣ್ಣೆ ತೇಲುತ್ತದೆ. ಅಲ್ಲಿ ಜಿಡ್ಡಿಗೂ ನೀರಿಗೂ ಇರುವ ಹಳೆಯ ವೈಮನಸ್ಯ. ಬಿಸಿ ಹಾಲಿಗೆ ನಾಲ್ಕು ಹನಿ ನಿಂಬೆರಸ ಬಿದ್ದರಂತೂ ಹಂಸಕ್ಕೂ ಅಸೂಯೆಯಾಗುವಂತೆ ಹಾಲು ಒಡೆದು, ಗಟ್ಟಿ ಬೇರೆ ತಿಳಿ ಬೇರೆ ಆಗುತ್ತದೆ. ಗಟ್ಟಿಯಾಗಿ ನಿಂತದ್ದರಲ್ಲಿ ಮುಖ್ಯವಾದುದು ಕೇಸೀನ್ ಎಂಬ ಪ್ರೋಟೀನು. ಹಾಲಿನಲ್ಲಿ ಅದರ ಕಣಗಳ ಮೇಲೆಲ್ಲ ಋಣವಿದ್ಯುತ್ತು ಇರುವುದರಿಂದ ಅವು ಒಂದನ್ನೊಂದು ದೂರ ತಳ್ಳುತ್ತ ತೇಲಿಕೊಂಡಿರುತ್ತವೆ. ಹುಳಿ ಬಿದ್ದೊಡನೆ ಆ ವಿದ್ಯುತ್ತು ಶಮನವಾಗಿ, ಜಗಳ ಮರೆತ ನಂಟರಂತೆ ಕಣಗಳು ಒಟ್ಟುಗೂಡಿ ಗರಣೆ ಕಟ್ಟುತ್ತವೆ.

ಜೀವರಸಾಯನಶಾಸ್ತ್ರದ ಪ್ರಯೋಗಶಾಲೆಗೆ ಮೊದಲ ಸಲ ಕಾಲಿಡುವ ವಿದ್ಯಾರ್ಥಿ ಕಲಿಯುವುದು ಹೆಚ್ಚುಕಡಿಮೆ ಇದನ್ನೇ. ಬೇರ್ಪಡಿಸಬೇಕಾದ ಎರಡು ವಸ್ತುಗಳಲ್ಲಿ ಭೇದವೆಲ್ಲಿದೆಯೆಂದು ಮೊದಲು ಕಂಡುಕೊಳ್ಳಬೇಕು. ಅನಂತರ ಆ ಭೇದಕ್ಕೆ ತಕ್ಕ ಮೊರವನ್ನೋ ಜರಡಿಯನ್ನೋ ಹುಡುಕಬೇಕು. ಮನೆಗೆ ಹಿಂದಿರುಗಿದ ಹುಡುಗಿಯನ್ನು ಅಜ್ಜಿ, "ಅಷ್ಟು ಫೀಸು ಕಟ್ಟಿ ಏನು ಕಲಿತೆಯೇ?" ಎಂದು ಕೇಳಿದರೆ, "ಸೋಸುವುದು, ಕಡೆಯುವುದು, ಹಾಲು ಒಡೆಸುವುದು" ಎಂದು ಉತ್ತರ ಕೊಡಬಹುದು. "ಇದಕ್ಕೆ ಕಾಲೇಜು ಬೇರೆ ಬೇಕಾಗಿತ್ತೆ?" ಎಂದು ಅಜ್ಜಿ ನಕ್ಕರೆ ತಪ್ಪಿಲ್ಲ. ಕಾಲೇಜು ಏಕೆ ಬೇಕೆಂದರೆ, ಇಲ್ಲಿಯ ಕಾಳು ಕಣ್ಣಿಗೆ ಕಾಣುವುದಿಲ್ಲ. ಒಂದು ಹನಿಯಲ್ಲಿ ಸಾವಿರಾರು ಬಗೆಯ ಕಾಳುಗಳು ಬೆರೆತಿರಬಹುದು. ಮತ್ತು ಅವುಗಳಲ್ಲಿ ಬಹುಪಾಲು ಬಿಸಿಯನ್ನಾಗಲಿ ಒರಟು ಕೈಯನ್ನಾಗಲಿ ಸಹಿಸಲಾರವು.

ಆದುದರಿಂದ ಮೊದಲ ಪಾಠಗಳೆಲ್ಲ ಕೈಗೆ ಹೇಳಿಸುವ ಬುದ್ಧಿಯೇ. ಪಿಪೆಟ್ಟಿನಿಂದ ಒಂದು ಮಿಲಿಲೀಟರು ದ್ರವ ಎತ್ತುವುದು ನೋಡುವುದಕ್ಕೆ ಅತಿ ಸುಲಭ. ಹತ್ತು ಸಲ ಎತ್ತಿ ಹತ್ತು ಸಲವೂ ತೂಗಿ ನೋಡಿದಾಗ ಹತ್ತು ಬೇರೆ ಅಂಕಿಗಳು ಬಂದರೆ ಅಹಂಕಾರ ಇಳಿಯುತ್ತದೆ. ಪ್ರೋಟೀನಿನ ದ್ರಾವಣವನ್ನು ನೊರೆಯೇಳುವಂತೆ ಕಲಕಬಾರದು. ನೊರೆಯಲ್ಲಿ ಸಿಕ್ಕಿದ ಅಣು ತನ್ನ ಮಡಿಕೆಗಳನ್ನು ಕಳೆದುಕೊಂಡು ಕೆಲಸಕ್ಕೆ ಬಾರದಂತಾಗುತ್ತದೆ. ಕೆಲಸವೆಲ್ಲ ಮಂಜುಗಡ್ಡೆಯ ತಂಪಿನಲ್ಲಿ, ನಾಲ್ಕು ಡಿಗ್ರಿಯ ಆಸುಪಾಸಿನಲ್ಲಿ ನಡೆಯಬೇಕು. ಕೊಳವೆಗಳನ್ನು ಗರಗರನೆ ತಿರುಗಿಸಿ ಭಾರದ ಕಣಗಳನ್ನು ತಳಕ್ಕೆ ಇಳಿಸುವ ಸೆಂಟ್ರಿಫ್ಯೂಜ್ ಯಂತ್ರದಲ್ಲಿ ಎದುರುಬದುರಾಗಿ ಕೂಡುವ ಕೊಳವೆಗಳು ಒಂದೇ ತೂಕದವಾಗಿರಬೇಕು. ತಕ್ಕಡಿಯ ಮುಂದೆ ಹನಿಹನಿಯಾಗಿ ನೀರು ಸೇರಿಸುತ್ತ ಅವನ್ನು ಸರಿದೂಗಿಸುವ ವಿದ್ಯಾರ್ಥಿಗೆ ಇದು ಸಣ್ಣ ವಿಷಯವೆನ್ನಿಸುತ್ತದೆ. ಸರಿದೂಗದ ಯಂತ್ರ ಒಮ್ಮೆ ಮೇಜಿನ ಮೇಲೆ ನಡುಗಿದ್ದನ್ನು ನೋಡಿದ ಮೇಲೆ ಹಾಗೆನ್ನಿಸುವುದಿಲ್ಲ.

ಪ್ರಾರಂಭದ ತರಗತಿಗಳಲ್ಲಿ ಬಹಳ ಕಾಲದಿಂದ ನಿಂತುಬಂದಿರುವ ಒಂದು ಪಾಠವೆಂದರೆ ಕೋಳಿಮೊಟ್ಟೆಯ ಬಿಳಿಯಿಂದ ಲೈಸೊಜೈಮ್ ಎಂಬ ಕಿಣ್ವವನ್ನು ಬೇರ್ಪಡಿಸುವುದು. ಮಡಿವಂತರ ಮನೆಯ ಹುಡುಗನೊಬ್ಬ ಜನ್ಮದಲ್ಲಿ ಮೊದಲ ಬಾರಿ ಮೊಟ್ಟೆಯನ್ನು ಮುಟ್ಟುವುದು ಇಂಥ ಸಂದರ್ಭದಲ್ಲಿಯೇ. ಆತನ ಮುಖದ ಭಾವವನ್ನು ನೋಡಿ ಸಹಪಾಠಿಗಳು ನಗುತ್ತಾರೆ. ಒಂದು ಗಂಟೆ ಕಳೆಯುವುದರೊಳಗೆ ಮುಖದ ಭಾವವೂ ನಗುವೂ ಎರಡೂ ಮಾಯವಾಗಿ, ಎಲ್ಲರೂ ಬಗ್ಗಿದ ತಲೆ ಎತ್ತದೆ ಬೀಕರುಗಳ ಮೇಲೆ ಕಣ್ಣಿಟ್ಟಿರುತ್ತಾರೆ.

ಲೈಸೊಜೈಮಿನ ಕಥೆಯೂ ಸ್ವಾರಸ್ಯವಾಗಿದೆ. ಮುಂದೆ ಪೆನಿಸಿಲಿನ್ನಿನಿಂದ ಲೋಕಪ್ರಸಿದ್ಧನಾದ ಅಲೆಕ್ಸಾಂಡರ್ ಫ್ಲೆಮಿಂಗ್ ಇದನ್ನು ಮೊದಲು ಗುರುತಿಸಿದ್ದು ಶೀತವಾದ ಮೂಗಿನ ಸಿಂಬಳದಲ್ಲಿ. ಆ ಸಂಗತಿಯನ್ನು ಆತ ಪ್ರಕಟಿಸಿದ್ದು 1922ರಲ್ಲಿ. ಕಣ್ಣೀರಿನಲ್ಲಿಯೂ ಎಂಜಲಿನಲ್ಲಿಯೂ ಇದು ಉಂಟು. ಕೆಲವು ಬಗೆಯ ಸೂಕ್ಷ್ಮಜೀವಿಗಳ ಗೋಡೆಯನ್ನೇ ಕರಗಿಸಿ ಅವನ್ನು ಕೊಲ್ಲುವುದು ಇದರ ಸ್ವಭಾವ. ಮೊಟ್ಟೆಯ ಬಿಳಿಯಲ್ಲಿರುವ ಪ್ರೋಟೀನಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಓವಾಲ್ಬ್ಯುಮಿನ್. ಲೈಸೊಜೈಮ್ ಇರುವುದು ನೂರಕ್ಕೆ ಮೂರೂವರೆಯಷ್ಟು ಮಾತ್ರ. ಈ ಮೂರೂವರೆಯನ್ನು ಉಳಿದ ತೊಂಬತ್ತಾರೂವರೆಯಿಂದ ಬಿಡಿಸಬೇಕು.

ಇಲ್ಲಿ ಸಿಗುವ ಭೇದ ವಿದ್ಯುತ್ತಿನದು. ದ್ರಾವಣದ ಹುಳಿಯನ್ನು ತಕ್ಕಂತೆ ಹದಗೊಳಿಸಿದರೆ ಬಿಳಿಯಲ್ಲಿರುವ ಪ್ರೋಟೀನುಗಳಲ್ಲಿ ಬಹುಪಾಲು ಋಣವಿದ್ಯುತ್ತನ್ನು ತಳೆಯುತ್ತವೆ. ಲೈಸೊಜೈಮ್ ಧನವಿದ್ಯುತ್ತನ್ನು ಉಳಿಸಿಕೊಂಡಿರುತ್ತದೆ. ನಿಲ್ಲಿಸಿದ ಗಾಜಿನ ಕೊಳವೆಯೊಂದರಲ್ಲಿ ಋಣವಿದ್ಯುತ್ತುಳ್ಳ ಸಣ್ಣ ಹರಳುಗಳನ್ನು ತುಂಬಿ, ಮೇಲಿನಿಂದ ಈ ದ್ರಾವಣವನ್ನು ಸುರಿದರೆ, ಉಳಿದವೆಲ್ಲ ನಿಲ್ಲದೆ ಕೆಳಗಿಳಿದು ಹೋಗುತ್ತವೆ. ಲೈಸೊಜೈಮ್ ಮಾತ್ರ ಹರಳಿಗೆ ಅಂಟಿ ಕೂಡುತ್ತದೆ. ಕುಳಿತದ್ದನ್ನು ಎಬ್ಬಿಸುವುದಕ್ಕೆ ಉಪ್ಪುನೀರು ಬೇಕು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಹಿಡಿದವನನ್ನು ಒಬ್ಬನಿಂದ ಅಲುಗಿಸಲಾಗದು. ನಿಲ್ದಾಣದಲ್ಲಿ ಗುಂಪೇ ನುಗ್ಗಿದಾಗ ಆತ ತಾನಾಗಿಯೇ ಇಳಿದುಹೋಗುತ್ತಾನೆ. ಹಾಗೆಯೇ ಉಪ್ಪಿನ ಕಣಗಳ ಗುಂಪು ನುಗ್ಗಿದಾಗ ಲೈಸೊಜೈಮ್ ತನ್ನ ಜಾಗ ಬಿಟ್ಟು ಇಳಿಯುತ್ತದೆ.

ಕೆಳಗೆ ತೊಟ್ಟಿಕ್ಕುವ ದ್ರವವನ್ನು ಒಂದರ ಅನಂತರ ಒಂದರಂತೆ ಅಂಕಿ ಹಾಕಿದ ನಳಿಕೆಗಳಲ್ಲಿ ಹಿಡಿಯುತ್ತ ಹೋಗಬೇಕು. ಎಲ್ಲ ನಳಿಕೆಗಳೂ ನೀರಿನಂತೆ ತಿಳಿಯಾಗಿ ಒಂದೇ ರೂಪದಲ್ಲಿರುತ್ತವೆ. ಯಾವುದರಲ್ಲಿದೆ ತಾನು ಹುಡುಕುವ ವಸ್ತು? ಸೂಕ್ಷ್ಮಜೀವಿಗಳನ್ನು ಕದಡಿದ, ಮಜ್ಜಿಗೆ ನೀರಿನಂತೆ ಮಸಕಾದ ದ್ರವಕ್ಕೆ ಪ್ರತಿಯೊಂದು ನಳಿಕೆಯಿಂದಲೂ ಒಂದೊಂದು ಹನಿ ಹಾಕಿ ಕಾಯಬೇಕು. ಹತ್ತು ನಳಿಕೆಗಳಲ್ಲಿ ಏನೂ ಆಗುವುದಿಲ್ಲ. ಹನ್ನೊಂದನೆಯದರ ಹನಿ ಬಿದ್ದ ಸ್ವಲ್ಪ ಹೊತ್ತಿಗೆ ಮಸಕು ಕರಗತೊಡಗಿ, ಗಾಜಿನ ಹಿಂದೆ ಹಿಡಿದ ಅಕ್ಷರಗಳು ಓದುವಂತಾಗುತ್ತವೆ. ಆ ಕ್ಷಣದಲ್ಲಿ ಹುಡುಗಿಯೊಬ್ಬಳು ತನ್ನ ಅರಿವಿಲ್ಲದೆ, "ಬಂತು!" ಎಂದು ಕೂಗಿಕೊಂಡರೆ ಅಧ್ಯಾಪಕರು ಗದರಿಸುವುದಿಲ್ಲ. ಅವರೂ ಒಂದು ಕಾಲದಲ್ಲಿ ಕೂಗಿದವರೇ.

ಹೀಗೆ ಕೊಳವೆಯಲ್ಲಿ ತುಂಬಿದ ಪುಡಿಯ ಮೂಲಕ ದ್ರವ ಇಳಿಸಿ ಬೇರ್ಪಡಿಸುವ ಉಪಾಯವನ್ನು ಲೋಕಕ್ಕೆ ಕೊಟ್ಟವನು ಮಿಖಾಯಿಲ್ ತ್ಸ್ವೆಟ್ ಎಂಬ ರಷ್ಯದ ಸಸ್ಯವಿಜ್ಞಾನಿ. ವಾರ್ಸಾ ನಗರದಲ್ಲಿ 1903ರಲ್ಲಿ ಮಾಡಿದ ಉಪನ್ಯಾಸದಲ್ಲಿ ಆತ ಇದನ್ನು ಮೊದಲು ವಿವರಿಸಿದ. ಎಲೆಯ ಹಸಿರನ್ನು ದ್ರವದಲ್ಲಿ ಕರಗಿಸಿ ಸುಣ್ಣಕಲ್ಲಿನ ನುಣ್ಣನೆಯ ಪುಡಿಯ ಮೂಲಕ ಇಳಿಸಿದಾಗ ಒಂದೇ ಹಸಿರಾಗಿ ತೋರುತ್ತಿದ್ದುದು ಹಸಿರು, ಹಳದಿ ಪಟ್ಟೆಗಳಾಗಿ ಒಡೆದು ನಿಂತಿತು. 1906ರಲ್ಲಿ ಆತ ಇದಕ್ಕೆ ಕ್ರೊಮ್ಯಾಟೊಗ್ರಫಿ, ಎಂದರೆ ಬಣ್ಣದ ಬರವಣಿಗೆ, ಎಂದು ಹೆಸರಿಟ್ಟ. ರಷ್ಯನ್ ಭಾಷೆಯಲ್ಲಿ ತ್ಸ್ವೆಟ್ ಎಂದರೂ ಬಣ್ಣವೆಂದೇ ಅರ್ಥ. ತನ್ನ ಹೆಸರನ್ನೇ ವಿದ್ಯೆಗೆ ಇಟ್ಟನೋ, ಕಾಕತಾಳೀಯವೋ ಬಲ್ಲವರು ಯಾರು? ಆದರೆ ಆ ಕಾಲದ ದೊಡ್ಡ ರಸಾಯನಶಾಸ್ತ್ರಜ್ಞರು ಇದನ್ನು ನಂಬಲಿಲ್ಲ. ತ್ಸ್ವೆಟ್ 1919ರಲ್ಲಿ, 47ನೆಯ ವಯಸ್ಸಿನಲ್ಲಿ, ಮನ್ನಣೆ ಕಾಣದೆ ತೀರಿಕೊಂಡ. ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ 1931ರಲ್ಲಿ ಆತನ ವಿಧಾನ ಮತ್ತೆ ಜೀವ ಪಡೆಯಿತು. ಇಂದು ಔಷಧದ ಕಾರ್ಖಾನೆಗಳಲ್ಲಿ ಅದಿಲ್ಲದೆ ದಿನ ಕಳೆಯುವುದಿಲ್ಲ.

ಹೀರುಕಾಗದದ ಮೇಲೆ ಶಾಯಿಯ ಹನಿ ಹರಡುವಾಗ ನೀಲಿಯ ಸುತ್ತ ನೇರಳೆಯ ಉಂಗುರವೊಂದು ಮೂಡುವುದನ್ನು ಮಕ್ಕಳೂ ನೋಡಿ ಬಲ್ಲರು. ಇಂಗ್ಲೆಂಡಿನಲ್ಲಿ ಉಣ್ಣೆಯ ಪ್ರೋಟೀನನ್ನು ಪರೀಕ್ಷಿಸಹೊರಟ ಮಾರ್ಟಿನ್ ಮತ್ತು ಆತನ ಜೊತೆಗಾರರು 1944ರಲ್ಲಿ ಇದೇ ಆಟವನ್ನು ಶಾಸ್ತ್ರವಾಗಿಸಿದರು. ಪ್ರೋಟೀನಿನ ಬಿಡಿ ಭಾಗಗಳಾದ ಅಮೈನೊ ಆಮ್ಲಗಳು ಸೋಸುಕಾಗದದ ಮೇಲೆ ಒಂದೊಂದೂ ತನ್ನ ತನ್ನ ನಡಿಗೆಯಲ್ಲಿ ಸಾಗಿ ಬೇರೆ ಬೇರೆ ಎಡೆಯಲ್ಲಿ ನಿಲ್ಲುತ್ತವೆ. ಬಣ್ಣವಿಲ್ಲದ ಅವುಗಳ ಮೇಲೆ ನಿನ್‌ಹೈಡ್ರಿನ್ ಸಿಂಪಡಿಸಿ ಬೆಚ್ಚಗೆ ಮಾಡಿದರೆ ನೇರಳೆ ಬಣ್ಣದ ಚುಕ್ಕೆಗಳು ಅರಳುತ್ತವೆ. ಬೆರೆತ ವಸ್ತುಗಳನ್ನು ಬಿಡಿಸುವ ಈ ಬಗೆಯ ಕ್ರೊಮ್ಯಾಟೊಗ್ರಫಿಗಾಗಿ ಮಾರ್ಟಿನ್ ಮತ್ತು ಸಿಂಜ್ ಇಬ್ಬರಿಗೂ 1952ರ ನೊಬೆಲ್ ಬಹುಮಾನ ಬಂದಿತು. ಅದೇ ವರ್ಷಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಪ್ರೊಫೆಸರ್ ಕೆ. ವಿ. ಗಿರಿಯವರೂ ಅವರ ಸಂಗಡಿಗರೂ ದುಂಡನೆಯ ಕಾಗದದ ನಡುವಿನಿಂದ ದ್ರವ ಹರಡುವಂತೆ ಮಾಡಿ, ಅಮೈನೊ ಆಮ್ಲಗಳನ್ನು ಕಮಾನುಗಳ ಸಾಲಿನಂತೆ ಬೇರ್ಪಡಿಸುವ ಸರಳ ಕ್ರಮವನ್ನು ಬಳಕೆಗೆ ತಂದರು. ದುಬಾರಿ ಯಂತ್ರಗಳಿಲ್ಲದ ಪ್ರಯೋಗಶಾಲೆಗಳಿಗೆ ಇಂಥ ಕ್ರಮಗಳು ದೊಡ್ಡ ಉಪಕಾರವೇ ಸರಿ.

ಇಷ್ಟೆಲ್ಲ ಕಲಿಸುವಾಗ ಅಧ್ಯಾಪಕರು ಮತ್ತೆ ಮತ್ತೆ ಹೇಳುವ ಒಂದು ಮಾತುಂಟು: ಕೊನೆಯ ಫಲಿತಾಂಶ ಕೈಗೆ ಬರುವವರೆಗೆ ಏನನ್ನೂ ಚೆಲ್ಲಬಾರದು. ಹೊಸಬನಿಗೆ ಸೋಸಿದ ಮೇಲೆ ಉಳಿದ ಗಸಿಯೂ ಕೊಳವೆಯಿಂದ ಮೊದಲು ಇಳಿದ ನೀರೂ ಕಸವಾಗಿ ಕಾಣುತ್ತವೆ. ಮೋರಿಗೆ ಸುರಿದು ಮೇಜನ್ನು ಚೊಕ್ಕಟ ಮಾಡುವ ಆತುರ. ಸಂಜೆ ಪರೀಕ್ಷೆ ಮಾಡಿ ನೋಡಿದರೆ ತಾನು ಉಳಿಸಿಕೊಂಡ ನಳಿಕೆಗಳಲ್ಲಿ ಏನೂ ಇಲ್ಲ. ಬೇಕಾದುದೆಲ್ಲ ಮೋರಿಯ ಪಾಲಾಗಿದೆ. ಅಕ್ಕಿ ತೊಳೆದ ನೀರನ್ನೂ ಚೆಲ್ಲದೆ ಹಸುವಿನ ಬಾನಿಗೆ ಸುರಿಯುತ್ತಿದ್ದ ಅಜ್ಜಿಯರಿಗೆ ಈ ನೀತಿಯನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಇನ್ನೊಂದು ಪಾಠ ಲೆಕ್ಕದ ಪುಸ್ತಕದ್ದು. ಪ್ರತಿಯೊಂದು ಹಂತದಲ್ಲಿಯೂ ಎರಡು ಅಂಕಿಗಳನ್ನು ಬರೆದಿಡಬೇಕು: ಪ್ರೋಟೀನು ಒಟ್ಟು ಎಷ್ಟು, ಅದರಲ್ಲಿ ಕಿಣ್ವದ ಶಕ್ತಿ ಎಷ್ಟು. ಉದಾಹರಣೆಗೆ, ಮೊದಲು 1000 ಮಿಲಿಗ್ರಾಮ್ ಪ್ರೋಟೀನು, 10,000 ಮಾನದ ಶಕ್ತಿ ಇತ್ತೆನ್ನೋಣ. ಮಿಲಿಗ್ರಾಮಿಗೆ 10 ಮಾನ ಬಿದ್ದಂತಾಯಿತು. ಕೊನೆಯಲ್ಲಿ 25 ಮಿಲಿಗ್ರಾಮ್ ಪ್ರೋಟೀನು, 6000 ಮಾನದ ಶಕ್ತಿ ಉಳಿಯಿತು. ಮಿಲಿಗ್ರಾಮಿಗೆ 240 ಮಾನ. ಶುದ್ಧಿ 24 ಪಟ್ಟು ಹೆಚ್ಚಿತು, ಶಕ್ತಿಯಲ್ಲಿ ನೂರಕ್ಕೆ 40 ಪಾಲು ಕಳೆದುಹೋಯಿತು. ಗಳಿಕೆಯೂ ನಷ್ಟವೂ ಒಂದೇ ಸಾಲಿನಲ್ಲಿ ಅಕ್ಕಪಕ್ಕದಲ್ಲಿ ನಿಲ್ಲುವ ಲೆಕ್ಕ ಇದು. ಪ್ರತಿ ಹಂತದಲ್ಲಿಯೂ ಹತ್ತರಲ್ಲಿ ಎಂಟು ಪಾಲನ್ನು ಉಳಿಸಿಕೊಳ್ಳುವ ಕುಶಲನಿಗೂ ಐದು ಹಂತ ದಾಟುವ ವೇಳೆಗೆ ಮೂರರಲ್ಲೊಂದು ಪಾಲು ಕೂಡ ಪೂರ್ತಿಯಾಗಿ ಉಳಿಯುವುದಿಲ್ಲ. ಇನ್ನೂ ಶುದ್ಧ ಮಾಡುತ್ತ ಹೋದರೆ ಕೊನೆಗೆ ಉಳಿಯುವುದು ಪರಮ ಶುದ್ಧವಾದ ಬರಿಯ ನಳಿಕೆ. ಎಲ್ಲಿ ನಿಲ್ಲಿಸಬೇಕೆಂಬುದು ಆ ವಸ್ತು ಯಾವ ಕೆಲಸಕ್ಕೆ ಬೇಕೆಂಬುದನ್ನು ಹೊಂದಿದೆ.

ಔಷಧವಾಗಿ ಮನುಷ್ಯನ ಮೈಗೆ ಹೋಗುವುದಾದರೆ ನಿಲ್ಲಿಸುವ ಎಡೆ ಬಹಳ ದೂರದಲ್ಲಿರುತ್ತದೆ. 1922ನೆಯ ಇಸವಿ ಜನವರಿ 11ರಂದು ಕೆನಡ ದೇಶದ ಟೊರಾಂಟೊ ನಗರದ ಆಸ್ಪತ್ರೆಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗ ಮಲಗಿದ್ದ. ಸಿಹಿಮೂತ್ರ ರೋಗ, ಮೈಯಲ್ಲಿ ಎಲುಬು ಚರ್ಮಗಳಷ್ಟೇ ಉಳಿದಿದ್ದವು. ಆಗ ಆ ರೋಗ ಬಂದ ಮಕ್ಕಳಿಗೆ ಉಪವಾಸವೇ ಔಷಧ, ಮರಣವೇ ಮುಕ್ತಾಯ. ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬ ಇಬ್ಬರು ತರುಣರು ದನದ ಮೇದೋಜೀರಕ ಗ್ರಂಥಿಯಿಂದ ತೆಗೆದ ಕಂದುಬಣ್ಣದ ಸಾರವನ್ನು ಅವನಿಗೆ ಚುಚ್ಚಿದರು. ರಕ್ತದ ಸಕ್ಕರೆ ಕೊಂಚ ಇಳಿಯಿತು, ಚುಚ್ಚಿದೆಡೆ ಬಾತು ಕೀವುಗಟ್ಟಿತು, ಅಷ್ಟೆ. ಬೇಕಾದ ವಸ್ತು ಅದರಲ್ಲಿ ಇರಲಿಲ್ಲವೆಂದಲ್ಲ. ಬೇಡವಾದುವು ಅದಕ್ಕಿಂತ ಹೆಚ್ಚಾಗಿದ್ದುವು.

ಅವರ ಜೊತೆಯಲ್ಲಿದ್ದ ಕಾಲಿಪ್ ಎಂಬ ಜೀವರಸಾಯನಶಾಸ್ತ್ರಜ್ಞ ಮದ್ಯಸಾರದೊಡನೆ ಹಗಲಿರುಳು ಹೋರಾಡುತ್ತಿದ್ದ. ಮದ್ಯಸಾರದ ಪ್ರಮಾಣವನ್ನು ಮೆಲ್ಲಮೆಲ್ಲನೆ ಏರಿಸುತ್ತ ಹೋದರೆ ಒಂದು ಮಟ್ಟದಲ್ಲಿ ಅನೇಕ ಕಲ್ಮಷಗಳು ತಳಕ್ಕಿಳಿದು ಇನ್ಸುಲಿನ್ ಕರಗಿಯೇ ಉಳಿಯುತ್ತದೆ. ನೂರಕ್ಕೆ ತೊಂಬತ್ತರ ಆಚೆಗೆ ಅದೂ ಕೆಳಗಿಳಿಯುತ್ತದೆ ಎಂಬುದನ್ನು ಆತ ಕಂಡುಕೊಂಡ. ಜನವರಿ 23ರಂದು ಅವನು ಶುದ್ಧಗೊಳಿಸಿದ ಸಾರವನ್ನು ಅದೇ ಹುಡುಗನಿಗೆ ಚುಚ್ಚತೊಡಗಿದರು. ಸಕ್ಕರೆ ಇಳಿಯಿತು, ಮೂತ್ರ ತಿಳಿಯಾಯಿತು, ಹುಡುಗನ ಮುಖಕ್ಕೆ ಕಳೆ ಬಂತು. ಲಿಯೊನಾರ್ಡ್ ಮತ್ತೆ ಹದಿಮೂರು ವರ್ಷ ಬದುಕಿದ. ಮೊದಲ ಚುಚ್ಚಿಗೂ ಎರಡನೆಯದಕ್ಕೂ ನಡುವೆ ಇದ್ದುದು ಹನ್ನೆರಡು ದಿನ; ಆ ಹನ್ನೆರಡು ದಿನಗಳಲ್ಲಿ ನಡೆದದ್ದು ಬೇರ್ಪಡಿಸುವ ಕೆಲಸವೊಂದೇ.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಹೆಚ್ಚು ಪ್ರಮಾಣದಲ್ಲಿ ತಯಾರಿಸಹೊರಟಾಗ ಆ ಕೈಗುಣ ಕಾಲಿಪನಿಂದಲೇ ಜಾರಿಹೋಯಿತು. ಅದೇ ಪಾತ್ರೆ, ಅದೇ ಮದ್ಯಸಾರ. ಇನ್ಸುಲಿನ್ ಮಾತ್ರ ಬರಲೊಲ್ಲದು. ಕೆಲವು ವಾರಗಳ ಕಾಲ ಟೊರಾಂಟೊ ನಗರದಲ್ಲಿ ಔಷಧ ಉಂಟೆಂದು ಗೊತ್ತಿದ್ದೂ ಕೊಡುವುದಕ್ಕೆ ಇಲ್ಲದ ಸ್ಥಿತಿ ಒದಗಿತು. ಎಷ್ಟು ಶಾಖದಲ್ಲಿ, ಎಷ್ಟು ಹೊತ್ತು, ಎಷ್ಟು ಹುಳಿಯಲ್ಲಿ ಎಂಬುದನ್ನು ಒಂದೊಂದಾಗಿ ಬಿಡಿಸಿ ನೋಡಿ ಮತ್ತೆ ಕಂಡುಕೊಳ್ಳಬೇಕಾಯಿತು. ಪುಸ್ತಕದಲ್ಲಿ ಸಮಯವನ್ನೂ ಶಾಖವನ್ನೂ ಬರೆದಿಡಿರೆಂದು ಅಧ್ಯಾಪಕರು ಪೀಡಿಸುವಾಗ ಬೇಸರಪಡುವ ವಿದ್ಯಾರ್ಥಿ ಈ ವಾರಗಳನ್ನು ನೆನೆಯುವುದು ಒಳ್ಳೆಯದು. ಅಡುಗೆಯಲ್ಲಿ "ಉಪ್ಪು ರುಚಿಗೆ ತಕ್ಕಷ್ಟು" ಎಂದರೆ ನಡೆಯುತ್ತದೆ, ಇಲ್ಲಿ ನಡೆಯುವುದಿಲ್ಲ.

ಅಡುಗೆಮನೆಯ ಮಾತು ಬಂದುದರಿಂದ ಫ್ರೀಡ್ರಿಷ್ ಮೀಷರನನ್ನು ಮರೆಯುವಂತಿಲ್ಲ. 1869ರಲ್ಲಿ ಜರ್ಮನಿಯ ಟ್ಯೂಬಿಂಗನ್ ಕೋಟೆಯ ಹಳೆಯ ಅಡುಗೆಮನೆಯೇ ಆತನ ಪ್ರಯೋಗಶಾಲೆಯಾಗಿತ್ತು. ಆಸ್ಪತ್ರೆಯಲ್ಲಿ ಗಾಯಗಳಿಂದ ಬಿಚ್ಚಿದ ಬಟ್ಟೆಗಳ ಕೀವನ್ನು ತೊಳೆದು, ಅದರ ಜೀವಕೋಶಗಳಿಂದ ರಂಜಕ ಹೇರಳವಾಗಿದ್ದ ಹೊಸ ವಸ್ತುವೊಂದನ್ನು ಬೇರ್ಪಡಿಸಿ ಅದನ್ನು ನ್ಯೂಕ್ಲಿನ್ ಎಂದು ಕರೆದ. ಆತನ ಗುರು ಹೊಪ್ಪೆ ಸೈಲರ್ ಶಿಷ್ಯನ ಮಾತನ್ನು ಹಾಗೆಯೇ ಒಪ್ಪದೆ, ಪ್ರಯೋಗವನ್ನು ತಾನೇ ಮತ್ತೆ ಮಾಡಿ ನೋಡಿ, 1871ರಲ್ಲಿ ಪ್ರಕಟಣೆಗೆ ಅನುಮತಿ ಕೊಟ್ಟ. ಎಲ್ಲರೂ ಮೂಗು ಮುಚ್ಚಿಕೊಂಡು ಎಸೆಯುವ ಬಟ್ಟೆಯಿಂದ ಹೊರಬಂದ ಆ ವಸ್ತುವೇ ಇಂದು ಮಕ್ಕಳೂ ಹೆಸರು ಬಲ್ಲ ಡಿಎನ್‌ಎ. ತಲೆಮಾರಿನಿಂದ ತಲೆಮಾರಿಗೆ ಗುಣಗಳನ್ನು ಒಯ್ಯುವುದು ಅದೇ ಎಂದು ಏವರಿ ಮತ್ತು ಸಂಗಡಿಗರು 1944ರಲ್ಲಿ ತೋರಿಸಿದಾಗಲೂ ಸಂಶಯ ಬಂದದ್ದು ಶುದ್ಧಿಯ ಮೇಲೆಯೇ: "ನಿಮ್ಮ ನಳಿಕೆಯಲ್ಲಿ ಕಣ್ಣಿಗೆ ಕಾಣದಷ್ಟು ಪ್ರೋಟೀನು ಉಳಿದಿಲ್ಲವೆಂದು ಹೇಗೆ ಬಲ್ಲಿರಿ?" ಎಂದು. ಕೇಳಿದವರು ಕೇಡಿಗರಲ್ಲ, ಆ ಪ್ರಶ್ನೆ ಕೇಳಲೇಬೇಕಾದುದಾಗಿತ್ತು.

ಮೊದಲ ವರ್ಷದ ವಿದ್ಯಾರ್ಥಿಗೂ ಅದೇ ಪ್ರಶ್ನೆ ಕಟ್ಟಕಡೆಯ ದಿನ ಎದುರಾಗುತ್ತದೆ. ಶುದ್ಧಗೊಳಿಸಿದ ಲೈಸೊಜೈಮನ್ನು ಮೆತ್ತನೆಯ ಜೆಲ್ ಹಲಗೆಯೊಂದರ ಕುಳಿಯಲ್ಲಿಟ್ಟು ವಿದ್ಯುತ್ ಹರಿಸಿದರೆ, ಪ್ರೋಟೀನುಗಳು ಗಾತ್ರಕ್ಕೆ ತಕ್ಕಂತೆ ಓಡಿ ಬೇರೆ ಬೇರೆ ಗೆರೆಗಳಾಗಿ ನಿಲ್ಲುತ್ತವೆ. ನೀಲಿಯ ಬಣ್ಣ ಹಾಕಿ ತೊಳೆದಾಗ ಒಂದೇ ಗೆರೆ ಉಳಿದರೆ ವಸ್ತು ಶುದ್ಧವೆಂದು ತಿಳಿಯಬಹುದು. ದಪ್ಪನೆಯ ಗೆರೆಯೊಂದು ಚೆನ್ನಾಗಿ ಮೂಡುತ್ತದೆ. ಅದಕ್ಕಿಂತ ಮೇಲೆ, ಕಣ್ಣು ಕಿರಿದು ಮಾಡಿ ನೋಡಿದರೆ ಮಾತ್ರ ಕಾಣುವಂತೆ, ಮಸುಕಾದ ಎರಡನೆಯ ಗೆರೆ. ಪಕ್ಕದವರು ನೋಡಿಲ್ಲ. ಪುಸ್ತಕದಲ್ಲಿ "ಒಂದೇ ಗೆರೆ" ಎಂದು ಬರೆದರೆ ಹೆಚ್ಚು ಅಂಕ. "ಎರಡು ಗೆರೆ" ಎಂದರೆ ವಾರದ ಶ್ರಮಕ್ಕೆ ಕಲೆ. ವಿದ್ಯಾರ್ಥಿ ಲೇಖನಿ ಹಿಡಿದು ಕೊಂಚ ಹೊತ್ತು ಸುಮ್ಮನೆ ಕೂಡುವ ಆ ಗಳಿಗೆಯಲ್ಲಿ ಪ್ರಯೋಗಶಾಲೆಯ ನಿಜವಾದ ಪರೀಕ್ಷೆ ನಡೆಯುತ್ತಿರುತ್ತದೆ. ಎರಡನೆಯ ಗೆರೆಯನ್ನು ಕಂಡು, ಕಂಡಂತೆ ಬರೆದವನನ್ನು ನಂಬಿ ನಾಳೆ ಔಷಧ ಮಾಡಬಹುದು. ಅಳಿಸಿದವನ ಕೈಗೆ ಎಷ್ಟು ಒಳ್ಳೆಯ ಯಂತ್ರ ಕೊಟ್ಟರೂ ಟೊರಾಂಟೊದ ಹುಡುಗನಂಥವರಿಗೆ ಅದರಿಂದ ಉಪಯೋಗವಿಲ್ಲ.

ಮನೆಗಳಲ್ಲಿ ಶುದ್ಧ ಅಶುದ್ಧಗಳ ಮಾತು ನಿತ್ಯವೂ ನಡೆಯುತ್ತದೆ. ಅಲ್ಲಿ ಒಂದು ವಸ್ತು ಶುದ್ಧ, ಇಲ್ಲವೆ ಮೈಲಿಗೆ. ನಡುವೆ ಏನೂ ಇಲ್ಲ, ಅಳತೆಯಂತೂ ಇಲ್ಲವೇ ಇಲ್ಲ. ಪ್ರಯೋಗಶಾಲೆಯ ಶುದ್ಧಿ ಬೇರೆ ಜಾತಿಯದು. ಅದು ನೂರಕ್ಕೆ ಎಷ್ಟು, ತೋರಿಸಿಕೊಟ್ಟದ್ದು ಹೇಗೆ ಎಂದು ಕೇಳುತ್ತದೆ. ಉಳಿದ ಕಲ್ಮಷವೆಷ್ಟೆಂದು ಬಾಯಿಬಿಟ್ಟು ಹೇಳುವುದೇ ಅದರ ಮಡಿ. ಅಲ್ಲಿ ಯಾವುದೂ ಹುಟ್ಟಿನಿಂದ ಕಸವಲ್ಲ. ಈ ಮೇಜಿನವನು ಬೇಡವೆಂದು ಬದಿಗಿಟ್ಟ ಓವಾಲ್ಬ್ಯುಮಿನ್ ಪಕ್ಕದ ಮೇಜಿನವಳು ವಾರವಿಡೀ ಹುಡುಕುತ್ತಿರುವ ವಸ್ತುವಾಗಿರಬಹುದು. ಹಾಲನ್ನು ಕುಡಿದ ಹಂಸ ನೀರನ್ನು ಹಳಿಯಿತೆಂದು ಯಾರೂ ಹೇಳಿಲ್ಲ.